ಹೊಸ್ತಿಲು ಮತ್ತು ದಾಸೋಹ

ಬಸವಣ್ಣನವರ ವಚನಗಳಲ್ಲಿ ಶರಣಜನರೆಲ್ಲರ ನಾಲಗೆಯ ಮೇಲಿರುವುದು ಶರೀರವನ್ನೇ ಶಿವಾಲಯವನ್ನಾಗಿ ಕಂಡ ವಚನ. ಸಿರಿವಂತರು ಕಲ್ಲಿನ ಗುಡಿ ಕಟ್ಟಿಸುವುದನ್ನು ನೋಡಿ, ಆ ಸಿರಿಯಿಲ್ಲದ ಭಕ್ತನು ತನ್ನ ಕಾಲುಗಳನ್ನು ಕಂಬಗಳೆಂದೂ ತಲೆಯನ್ನು ಬಂಗಾರದ ಕಳಸವೆಂದೂ ಭಾವಿಸಿ ತನ್ನನ್ನೇ ಒಪ್ಪಿಸಿಕೊಡುತ್ತಾನೆ. ನಿಂತುಬಿಟ್ಟದ್ದರ ನಶ್ವರತೆಯನ್ನೂ ಚಲಿಸುವುದರ ಅಮರತ್ವವನ್ನೂ ಸಾರಿ ಆ ವಚನ ಮುಗಿಯುತ್ತದೆ. ಪ್ರವಚನಗಳಲ್ಲಿ ಇದರ ಅರ್ಥವನ್ನು ಹತ್ತಾರು ಸಲ ಕೇಳಿ ತಲೆದೂಗಿದವರು ಬಹಳ. ಆದರೆ ಯಾವ ಮನೆಯಲ್ಲಿ ಒಬ್ಬ ಬಾಲಕನ ಕಾಲುಗಳೆಂಬ ಕಂಬಗಳು ವರ್ಷದಿಂದ ವರ್ಷಕ್ಕೆ ಬಲಗುಂದುತ್ತಿರುವುವೋ, ಆ ಮನೆಯವರು ಇದೇ ವಚನವನ್ನು ಕೇಳುವಾಗ ಅವರ ಎದೆಯಲ್ಲಿ ಏಳುವ ಪ್ರಶ್ನೆ ಬೇರೆ. ಕಂಬ ಕುಸಿದ ಗುಡಿಯಲ್ಲಿ ದೇವನು ಉಳಿಯುವನೇ ಎಂಬುದೇ ಆ ಪ್ರಶ್ನೆ.

ಉತ್ತರವು ಆ ವಚನದ ಕೊನೆಯಲ್ಲಿಯೇ ಇದೆ. ಬಸವಣ್ಣನವರು ಕಂಬದ ಗಟ್ಟಿತನವನ್ನು ಹೊಗಳಲಿಲ್ಲ. ಗಟ್ಟಿತನವೇ ಹಿರಿದಾಗಿದ್ದರೆ ಕಲ್ಲಿನ ಗುಡಿಯೇ ಗೆಲ್ಲಬೇಕಾಗಿತ್ತು. ಅವರು ಹಿರಿದೆಂದದ್ದು ಚಲನಶೀಲವಾದ ಚೈತನ್ಯವನ್ನು, ಜಂಗಮವನ್ನು. ಕಾಲಿನ ನಡಿಗೆ ಅದರ ಒಂದು ರೂಪ ಮಾತ್ರ. ಹೀಗಿರುವಲ್ಲಿ, ಚೈತನ್ಯವುಳ್ಳ ಒಂದು ಜೀವವು ಮನೆಯೊಳಗೆ ಅತ್ತಿಂದಿತ್ತ ಸಾಗಲಾರದೆ ಕುಳಿತಿದ್ದರೆ, ಅದನ್ನು ತಡೆದು ನಿಲ್ಲಿಸಿದ್ದು ರೋಗವೊಂದೇ ಅಲ್ಲ. ಗೋಡೆ, ಮೆಟ್ಟಿಲು, ಹೊಸ್ತಿಲುಗಳೆಂಬ ಸ್ಥಾವರಗಳೂ ಅದರಲ್ಲಿ ಪಾಲುದಾರವಾಗಿವೆ. ರೋಗವು ಮನುಷ್ಯನ ಕೈಮೀರಿದ್ದಿರಬಹುದು. ಹೊಸ್ತಿಲು ಬಡಿಗನ ಕೈಮೀರಿದ್ದಲ್ಲ.

ಇಲ್ಲಿ ಹೇಳಹೊರಟಿರುವ ರೋಗಕ್ಕೆ ಕನ್ನಡದಲ್ಲಿ ಸ್ನಾಯುಕ್ಷಯವೆನ್ನುತ್ತಾರೆ. ವೈದ್ಯರು ಮಸ್ಕ್ಯುಲರ್ ಡಿಸ್ಟ್ರೋಫಿ ಎನ್ನುತ್ತಾರೆ. ಹೆಸರಿನಲ್ಲಿ ಕ್ಷಯವೆಂದಿದ್ದರೂ ಇದಕ್ಕೂ ಶ್ವಾಸಕೋಶದ ಕ್ಷಯರೋಗಕ್ಕೂ ಏನೊಂದು ಸಂಬಂಧವಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಇದರಲ್ಲಿ ಹಲವು ಬಗೆಗಳುಂಟು. ಗಂಡುಮಕ್ಕಳಲ್ಲಿ ಎಳವೆಯಲ್ಲೇ ತೋರುವ ಬಗೆಯನ್ನು 1860ರ ದಶಕದಲ್ಲಿ ವಿವರವಾಗಿ ಬರೆದ ಫ್ರಾನ್ಸಿನ ವೈದ್ಯ ಡುಶೆನ್ನನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಸ್ನಾಯುವಿನ ಎಳೆಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಒಂದು ಪದಾರ್ಥವು ಈ ಮಕ್ಕಳ ದೇಹದಲ್ಲಿ ಉತ್ಪತ್ತಿಯಾಗುವುದಿಲ್ಲವೆಂಬುದು 1987ರಲ್ಲಿ ಗೊತ್ತಾಯಿತು. ಮಗು ಎರಡು ಮೂರು ವರ್ಷಕ್ಕೆ ಎಲ್ಲ ಮಕ್ಕಳಂತೆಯೇ ಓಡಾಡುವಂತೆ ಕಾಣುತ್ತದೆ. ಆಮೇಲೆ ಪದೇ ಪದೇ ಬೀಳುತ್ತದೆ. ಮೆಟ್ಟಿಲು ಹತ್ತಲು ತಿಣುಕುತ್ತದೆ. ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ತಾನೇ ಕೈಯೂರಿಕೊಂಡು, ತನ್ನ ಮೈಯನ್ನೇ ಹತ್ತಿದಂತೆ ಮೇಲೇಳುತ್ತದೆ. ಮೀನಖಂಡಗಳು ತುಂಬಿಕೊಂಡಿರುವುದರಿಂದ ‘ಹುಡುಗ ಗಟ್ಟಿ ಇದ್ದಾನೆ, ಸೋಮಾರಿತನ’ ಎಂದು ಹಿರಿಯರು ಗದರುವುದೂ ಉಂಟು. ಆ ಗದರಿಕೆಯ ನೆನಪು ಮುಂದೆ ಹಿರಿಯರನ್ನೇ ಕಾಡುತ್ತದೆ. ಹತ್ತು ಹನ್ನೆರಡು ವರ್ಷದ ಹೊತ್ತಿಗೆ ನಡಿಗೆ ನಿಂತು ಗಾಲಿಕುರ್ಚಿ ಬೇಕಾಗುತ್ತದೆ. ಮುಂದೆ ತೋಳುಗಳು, ಬೆನ್ನು, ಉಸಿರಾಟದ ಸ್ನಾಯುಗಳು, ಹೃದಯ ಇವೂ ಕ್ರಮವಾಗಿ ದುರ್ಬಲವಾಗುತ್ತವೆ. ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಸ್ಟೀರಾಯ್ಡ್ ಔಷಧಗಳು ನಡಿಗೆಯ ಕಾಲವನ್ನು ಕೆಲಮಟ್ಟಿಗೆ ಹಿಗ್ಗಿಸಬಲ್ಲವು. ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ಆದರೆ ಉಸಿರಾಟಕ್ಕೂ ಹೃದಯಕ್ಕೂ ಸಕಾಲದ ಚಿಕಿತ್ಸೆ ದೊರೆತ ಅನೇಕರು ಇಂದು ಮೂವತ್ತರ ಪ್ರಾಯವನ್ನೂ ಮುಟ್ಟುತ್ತಿದ್ದಾರೆ, ದಾಟುತ್ತಿದ್ದಾರೆ. ಈ ಕೊನೆಯ ಮಾತನ್ನು ಗೃಹಸ್ಥರು ಮರೆಯಬಾರದು. ಮನೆಯನ್ನು ಅಣಿಗೊಳಿಸಬೇಕಾದದ್ದು ಸೊಂಟದ ಮೇಲೆ ಎತ್ತಿಕೊಳ್ಳಬಹುದಾದ ಒಂದು ಮಗುವಿಗಲ್ಲ, ಮುಂದೆ ಬೆಳೆದು ನಿಲ್ಲುವ ಒಬ್ಬ ಯುವಕನಿಗೆ.

ಇಂಥ ಮಗು ಹುಟ್ಟಿದ ಮನೆಗೆ ಮೊದಲು ಬರುವ ಅತಿಥಿ ಪೂರ್ವಜನ್ಮದ ಕರ್ಮವೆಂಬ ಮಾತು. ನೆರೆಹೊರೆಯವರು ಅದನ್ನು ಸಂತಾಪದ ಧ್ವನಿಯಲ್ಲಿಯೇ ಹೇಳಿ ಹೋಗುತ್ತಾರೆ. ಗುರುವು ಕರುಣಿಸಿ ಲಿಂಗವನ್ನು ಕೊಟ್ಟ ದಿನವೇ ಪೂರ್ವಾಶ್ರಯ ಕಳೆಯಿತೆಂದು ನಂಬಿದ ಧರ್ಮದವರು, ಎದೆಯ ಮೇಲೆ ಲಿಂಗವಿರುವ ಕೂಸಿನ ಹಣೆಗೆ ಹಳೆಯ ಜನ್ಮದ ಲೆಕ್ಕವನ್ನು ಹಚ್ಚುವುದು ಎಂಥ ವಿಪರೀತ! ಎರಡನೆಯ ಮಾತು ತಾಯಿಯ ಮೇಲೆ ಬರುತ್ತದೆ. ಈ ರೋಗದ ಬೀಜವು ತಾಯಿಯ ಕಡೆಯಿಂದ ಗಂಡುಮಗುವಿಗೆ ಬರುವುದುಂಟು. ಅದು ಆಕೆಗೆ ತಿಳಿದೂ ಇರುವುದಿಲ್ಲ. ಮೂರರಲ್ಲಿ ಸುಮಾರು ಒಂದು ಪಾಲು ಮಕ್ಕಳಲ್ಲಿ ಅದು ತಾಯಿಯಲ್ಲಿಯೂ ಇಲ್ಲದೆ ಹೊಸದಾಗಿಯೇ ಹುಟ್ಟಿಕೊಂಡಿರುತ್ತದೆ. ಸೊಸೆಯ ತವರಿನ ಮೇಲೆ ಗೂಬೆ ಕೂರಿಸುವ ಅತ್ತೆಯಂದಿರು ಇದನ್ನು ಒಮ್ಮೆ ವೈದ್ಯರ ಬಾಯಿಂದಲೇ ಕೇಳುವುದು ಲೇಸು. ತವರಿನ ಅಕ್ಕತಂಗಿಯರಿಗೂ ಪರೀಕ್ಷೆಯ ಸಲಹೆ ಬೇಕಾಗುತ್ತದೆ; ಅದು ನಿಂದೆಗಾಗಿ ಅಲ್ಲ, ಮುಂದಿನ ತಿಳಿವಳಿಕೆಗಾಗಿ.

ಬಯಲುಸೀಮೆಯ ಒಂದು ಮನೆಯನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. ಊರಿನ ಹೆಸರು, ಮನೆತನದ ಹೆಸರು ಅಗತ್ಯವಿಲ್ಲ. ಇಂಥ ಮನೆಗಳನ್ನು ಓದುಗರು ತಮ್ಮ ತಮ್ಮ ಸೀಮೆಯಲ್ಲಿ ಕಂಡೇ ಇರುತ್ತಾರೆ. ಬೀದಿಯಿಂದ ಒಂದೂವರೆ ಅಡಿ ಎತ್ತರದ ಕಟ್ಟೆ, ಮೂರು ಮೆಟ್ಟಿಲು, ಸಾಗುವಾನಿಯ ತಲೆಬಾಗಿಲು, ಒಳಗೆ ಪಡಸಾಲೆ. ಪಡಸಾಲೆಯಿಂದ ನಡುಮನೆಗೆ ಇನ್ನೊಂದು ಬಾಗಿಲು. ಅದಕ್ಕೂ ಅರ್ಧ ಅಡಿಯ ಹೊಸ್ತಿಲು. ನಡುಮನೆಯಲ್ಲಿಯೇ ದೇವರ ಜಗಲಿ, ಊಟದ ಸಾಲು. ಬಚ್ಚಲು ಹಿತ್ತಲಲ್ಲಿ, ಎರಡು ಮೆಟ್ಟಿಲು ಕೆಳಗೆ. ಹೊಸ್ತಿಲುಗಳನ್ನು ಯಜಮಾನನಾದ ಅಜ್ಜನ ತಂದೆ ಮಾಡಿಸಿದ್ದು. ಅಜ್ಜಿ ಮದುವೆಯಾಗಿ ಬಂದ ದಿನದಿಂದ ಪ್ರತಿ ಮುಂಜಾನೆ ಅವಕ್ಕೆ ಅರಿಸಿನ ಕುಂಕುಮವಿಡುತ್ತ ಬಂದವಳು.

ಈ ಮನೆಯ ಮೊಮ್ಮಗನಿಗೆ ಏಳನೆಯ ವಯಸ್ಸಿನಲ್ಲಿ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ರೋಗದ ಹೆಸರು ಗೊತ್ತಾಯಿತು. ಹನ್ನೊಂದಕ್ಕೆ ನಡಿಗೆ ನಿಂತಿತು. ಗಾಲಿಕುರ್ಚಿ ಬಂದಿತು; ಆದರೆ ಅದು ಪಡಸಾಲೆಯಲ್ಲಿಯೇ ಉಳಿಯಿತು. ಒಳಗೆ ಹೋಗಬೇಕಾದರೆ ಅಪ್ಪನೋ ಅವ್ವನೋ ಎತ್ತಬೇಕು. ಮೊದಲ ವರ್ಷ ಹುಡುಗ ಎತ್ತಿಸಿಕೊಂಡನು. ಎರಡನೆಯ ವರ್ಷ ಮೀಸೆ ಚಿಗುರುವ ಹೊತ್ತಿಗೆ ಅವನಿಗೆ ನಾಚಿಕೆ ಬಂದಿತು. ‘ನನಗೆ ಇಲ್ಲಿಯೇ ಊಟ ಹಾಕಿಬಿಡ್ರಿ’ ಎಂದನು. ಮನೆಯವರು ಅದನ್ನು ಅವನ ಅನುಕೂಲವೆಂದು ತಿಳಿದರು. ಹೀಗೆ ಒಂದು ಮನೆಯಲ್ಲಿಯೇ ಇದ್ದು, ಅವನು ಮನೆಯ ಊಟದ ಸಾಲಿನಿಂದಲೂ ಪೂಜೆಯ ಸನ್ನಿಧಿಯಿಂದಲೂ ಮೆಲ್ಲಗೆ ಹೊರಬಿದ್ದನು. ಯಾರೂ ಅವನನ್ನು ಹೊರಗೆ ಹಾಕಲಿಲ್ಲ. ಹೊರಗೆ ಹಾಕಿದ್ದು ಅರ್ಧ ಅಡಿಯ ಕಟ್ಟಿಗೆ.

ಹುಡುಗನ ತಂದೆ ಬಡಿಗನನ್ನು ಕರೆಯಿಸುವ ಮಾತೆತ್ತಿದಾಗಲೆಲ್ಲ ಅಜ್ಜ ಮಾತು ಬದಲಿಸುತ್ತಿದ್ದನು. ಹೊಸ್ತಿಲು ಲಕ್ಷ್ಮಿಯ ನೆಲೆ, ಕಡಿಯಬಾರದು ಎಂಬುದು ಅವನು ಬಾಯಿಂದ ಹೇಳಿದ ಕಾರಣ. ಮನೆಯಲ್ಲಿ ಅದನ್ನು ಭಕ್ತಿಯೆಂದೇ ಎಲ್ಲರೂ ಗೌರವಿಸಿದರು. ಅದರ ಜೊತೆಗೆ ಒಬ್ಬ ಬಂಧು ಬಂದು, ತನ್ನ ಕಾಲು ಕಣ್ಣು ಕಿವಿಗಳ ಅಲೆದಾಟವನ್ನು ನಿಲ್ಲಿಸಿ ತನ್ನನ್ನು ಹೆಳವನನ್ನಾಗಿ ಮಾಡೆಂದು ಬಸವಣ್ಣನವರು ಬೇಡಿಕೊಂಡ ವಚನವನ್ನು ಹುಡುಗನ ಮುಂದೆಯೇ ಹೇಳಿ, ಅಣ್ಣನವರು ಬೇಡಿದ್ದು ನಿನಗೆ ಬೇಡದೆಯೇ ಬಂದಿದೆ ಎಂದು ಸಮಾಧಾನ ಮಾಡಿ ಹೋದನು. ವಚನವನ್ನು ತಪ್ಪಾಗಿ ಬಳಸುವ ಬಗೆಗಳಲ್ಲಿ ಇದು ಅತ್ಯಂತ ಕ್ರೂರವಾದದ್ದು. ಆ ಬೇಡಿಕೆ ಬಸವಣ್ಣನವರು ತಮ್ಮ ಇಂದ್ರಿಯಗಳ ಚಾಪಲ್ಯವನ್ನು ಕುರಿತು ತಾವೇ ಮಾಡಿಕೊಂಡ ವ್ರತ. ನಡೆಯಬಲ್ಲ ಕಾಲುಳ್ಳವನು, ನಡೆಯಬಾರದ ಕಡೆಗೆ ನಡೆಯದಿರಲೆಂದು ಬೇಡುವುದು ವೈರಾಗ್ಯ. ನಡೆಯಲಾರದವನ ಮುಂದೆ ನಿಂತು, ನಿನ್ನ ಸ್ಥಿತಿಯೇ ವೈರಾಗ್ಯವೆಂದು ಇನ್ನೊಬ್ಬನು ಹೇಳುವುದು ವೈರಾಗ್ಯವೂ ಅಲ್ಲ, ಕರುಣೆಯೂ ಅಲ್ಲ. ಆ ಹುಡುಗನಿಗೆ ಶಾಲೆಗೆ ಹೋಗುವ ಆಸೆಯಿದ್ದಿತು, ಜಾತ್ರೆಯಲ್ಲಿ ತೇರು ನೋಡುವ ಆಸೆಯಿದ್ದಿತು.

ಶ್ರಾವಣದ ಒಂದು ಸೋಮವಾರ ಆ ಮನೆಗೆ ವೃದ್ಧರಾದ ಅಯ್ಯನವರೊಬ್ಬರು ಬಿನ್ನಹಕ್ಕೆ ಬಂದರು. ಪಾದ ತೊಳೆದು ಒಳಗೆ ಕರೆದೊಯ್ಯುವಾಗ ಪಡಸಾಲೆಯ ಮೂಲೆಯಿಂದ ‘ಶರಣು, ಅಯ್ಯನವರ’ ಎಂಬ ಧ್ವನಿ ಕೇಳಿಸಿತು. ಅವರು ನಿಂತರು.

‘ಇವನು ಪೂಜೆಗೆ ಒಳಗೆ ಬರುವುದಿಲ್ಲವೇ?’

‘ಹೊಸ್ತಿಲು ಅಡ್ಡ ಆಗತೈತಿ ಅಯ್ಯನವರ. ಎತ್ತಿಕೊಳ್ಳಾಕ ಹ್ವಾದರ ನಾಚಿಕೊಳ್ತಾನ’ ಎಂದನು ಅಜ್ಜ.

ಅಯ್ಯನವರು ಮರುಮಾತಾಡದೆ ತಮ್ಮ ಗದ್ದುಗೆಯನ್ನು ಪಡಸಾಲೆಯಲ್ಲಿಯೇ ಹಾಕಿಸಿದರು. ಪೂಜೆಯೂ ಪ್ರಸಾದವೂ ಅಲ್ಲಿಯೇ ನಡೆದವು. ಮನೆಯವರೆಲ್ಲರೂ ಹೊಸ್ತಿಲ ಹೊರಗೆ ಬಂದು ಕುಳಿತರು. ಎಲ್ಲ ಮುಗಿದ ಮೇಲೆ ಅವರು ಅಜ್ಜನನ್ನು ಕಟ್ಟೆಗೆ ಕರೆದು, ಹೊಸ್ತಿಲು ತೆಗೆಸಬಾರದೇಕೆ ಎಂದು ಕೇಳಿದರು. ಅಜ್ಜನು ಲಕ್ಷ್ಮಿಯ ಮಾತೆತ್ತಿ ಅರ್ಧಕ್ಕೇ ನಿಲ್ಲಿಸಿದನು. ಬಳಿಕ, ‘ನಾನಾಗೇ ಕಡಿಸಿದರ, ಹುಡುಗ ಇನ್ನ ನಡಿಯಂಗಿಲ್ಲ ಅಂತ ನಾನಾ ಒಪ್ಪಿಕೊಂಡಂಗ ಆಗತೈತಿ’ ಎಂದನು.

ಅಯ್ಯನವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಇಷ್ಟೇ ಹೇಳಿದರು: ‘ನೀವು ಒಪ್ಪಿದರೂ ಒಪ್ಪದಿದ್ದರೂ ಅವನು ಹೊರಗೇ ಇದ್ದಾನೆ.’

ಇಂಥ ಮನೆಗಳಲ್ಲಿ ಕೆಲಸವನ್ನು ತಡೆಯುವುದು ಬಹುತೇಕ ಹಣದ ಕೊರತೆಯೆಂದು ಜನ ತಿಳಿಯುತ್ತಾರೆ. ಹಣದ ಕೊರತೆ ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಆಳದಲ್ಲಿ ಈ ಅಜ್ಜನ ಭಯವಿದೆ. ಮನೆಯನ್ನು ಬದಲಿಸಿದರೆ ರೋಗವನ್ನು ಬರಮಾಡಿಕೊಂಡಂತೆ, ಆಸೆಯನ್ನು ಕೈಬಿಟ್ಟಂತೆ, ಅಪಶಕುನ ನುಡಿದಂತೆ ಎಂಬ ಭಾವನೆ. ಶಕುನಗಳನ್ನು ಶರಣರು ಎಂದೋ ತಳ್ಳಿಹಾಕಿದರು. ಆಸೆಯ ಮಾತು ಮಾತ್ರ ಅಷ್ಟು ಹಗುರವಲ್ಲ. ಮೊಮ್ಮಗನು ನಡೆಯಲೆಂಬ ಆಸೆಗೆ ಅಜ್ಜನು ಆ ಹೊಸ್ತಿಲನ್ನು ಗುರುತಾಗಿ ಇಟ್ಟುಕೊಂಡಿದ್ದನು. ಅದನ್ನು ದಾಟಲಾರದವನು ಮೊಮ್ಮಗನೇ ಆಗಿದ್ದನೆಂಬುದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ದಾಸೋಹವೆಂದರೆ ಒಪ್ಪಿಸಿಕೊಡುವುದು. ಧಾನ್ಯವನ್ನು ಒಪ್ಪಿಸುವುದು ಸುಲಭ, ಹಣವನ್ನು ಒಪ್ಪಿಸುವುದು ಅದಕ್ಕಿಂತ ಸ್ವಲ್ಪ ಕಷ್ಟ. ತಾನು ಬಯಸಿದ ರೂಪದಲ್ಲಿಯೇ ಒಳಿತು ಬರಬೇಕೆಂಬ ಹಟವನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟ. ಮೊಮ್ಮಗನಿಗೆ ಮಾಡುವ ಸೇವೆಯನ್ನು ಜಂಗಮದಾಸೋಹವೆನ್ನುವುದು ಅತಿಯಾಯಿತೆಂದು ಯಾರಾದರೂ ಆಕ್ಷೇಪಿಸಿದರೆ, ಅವನ ಎದೆಯ ಮೇಲಿರುವ ಲಿಂಗವು ಬೇರೆಯದೇ ಎಂದು ಅವರನ್ನೇ ಕೇಳಬೇಕು.

ಒಂದು ವಾರದ ಬಳಿಕ ಅಜ್ಜನೇ ಬಡಿಗನನ್ನು ಕರೆತಂದನು. ಆ ಮನೆಯಲ್ಲಿ ಏನೇನು ಮಾಡಿದರೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುವುದು ಉಚಿತ. ಭಾವ ಶುದ್ಧವಿದ್ದು ಅಳತೆ ತಪ್ಪಿದರೆ ಗಾಲಿ ಉರುಳುವುದಿಲ್ಲ. ಕಟ್ಟೆಗೆ ಇಳಿಜಾರು ಹಾಕುವಾಗ ಒಂದು ಅಂಗುಲದ ಎತ್ತರಕ್ಕೆ ಹನ್ನೆರಡು ಅಂಗುಲದ ಉದ್ದ ಬೇಕೆಂಬುದು ಸಾಮಾನ್ಯವಾಗಿ ಒಪ್ಪಿದ ಕ್ರಮ. ಒಂದೂವರೆ ಅಡಿ ಎತ್ತರದ ಕಟ್ಟೆಗೆ 18 ಅಡಿ ಉದ್ದದ ಇಳಿಜಾರು. ಬೀದಿಯತ್ತ ಅಷ್ಟು ಜಾಗವಿರಲಿಲ್ಲ. ಗವಂಡಿ, ಅಂದರೆ ಗಾರೆಕೆಲಸದವನು, ಆರು ಅಡಿಯಲ್ಲಿ ಮುಗಿಸಿಬಿಡುತ್ತೇನೆಂದನು. ಅಂಥ ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹತ್ತಿಸಲು ಇಬ್ಬರು ಬೇಕು, ಇಳಿಸುವಾಗ ದೇವರೇ ಗತಿ. ಕೊನೆಗೆ ಗೋಡೆಯ ಗುಂಟ ಒಂಬತ್ತು ಅಡಿ ಏರಿಸಿ, ಐದು ಅಡಿ ಚೌಕದ ಸಮನಾದ ಕಟ್ಟೆ ಮಾಡಿ, ಅಲ್ಲಿ ತಿರುಗಿಸಿ ಮತ್ತೆ ಒಂಬತ್ತು ಅಡಿ ಏರಿಸಿದರು. ಅಗಲ ನಾಲ್ಕು ಅಡಿ. ಗಾಲಿ ಜಾರಿ ಕೆಳಗೆ ಬೀಳದಂತೆ ಎರಡೂ ಬದಿಗೆ ಅಂಚುಗಟ್ಟೆ. ನೆಲಕ್ಕೆ ನಯವಾದ ಶಹಾಬಾದ ಕಲ್ಲು ಹಾಸದೆ ಉಳಿಪೆಟ್ಟಿನ ಒರಟು ಕಲ್ಲು ಹಾಸಿದರು. ಈಗ ಅದರ ಮೇಲೆ ಅಜ್ಜಿಯೂ ಊರುಗೋಲಿನೊಡನೆ ಸುಖವಾಗಿ ಹತ್ತಿಳಿಯುತ್ತಾಳೆ, ಜೋಳದ ಚೀಲಗಳೂ ಕೈಗಾಡಿಯಲ್ಲಿ ಏರುತ್ತವೆ.

ಬಾಗಿಲಿನ ಒಳಅಗಲ ಮೂರು ಅಡಿ ಇದ್ದರೆ ಕುರ್ಚಿ ಸಲೀಸಾಗಿ ಹೋಗುತ್ತದೆ, ತಳ್ಳುವ ಕೈಗಳ ಬೆರಳುಗಳೂ ಉಳಿಯುತ್ತವೆ. ತಲೆಬಾಗಿಲು ಸಾಕಷ್ಟು ಅಗಲವಿದ್ದಿತು. ನಡುಮನೆಯದು ಕಿರಿದು, ಚೌಕಟ್ಟನ್ನೇ ಬದಲಿಸಬೇಕಾಯಿತು. ಕುರ್ಚಿ ಸುತ್ತು ತಿರುಗಲು ಐದು ಅಡಿ ವ್ಯಾಸದ ಬಯಲು ಬೇಕು. ಅದಕ್ಕಾಗಿ ನಡುಮನೆಯಿಂದ ಹಗೇವಿನ ಕಾಲದ ಒಂದು ಹಳೆಯ ಪೆಟ್ಟಿಗೆಯನ್ನು ಹೊರಗೆ ಸಾಗಿಸಿದರು. ಯಾರೂ ವರ್ಷಗಟ್ಟಲೆ ತೆರೆಯದ ಪೆಟ್ಟಿಗೆಗಳು ಎಷ್ಟು ಮನೆಗಳಲ್ಲಿ ಎಷ್ಟು ದಾರಿಗಳನ್ನು ತಡೆದಿವೆಯೋ!

ಬಚ್ಚಲಿನ ಪ್ರಶ್ನೆ ಬಂದಾಗ ಮತ್ತೆ ಒಂದು ತೊಡಕು. ಹಿತ್ತಲಿಗೆ ಇಳಿಸಿ ಹತ್ತಿಸುವುದು ಸಾಧ್ಯವಿಲ್ಲ. ಪಡಸಾಲೆಯ ಪಕ್ಕದ ಕೋಣೆಯಲ್ಲಿಯೇ ಸ್ನಾನಕ್ಕೂ ಶೌಚಕ್ಕೂ ವ್ಯವಸ್ಥೆಯಾಗಬೇಕು. ಆ ಕೋಣೆಯ ಹಿಂದಿನ ಗೋಡೆ ದೇವರ ಜಗಲಿಯ ಗೋಡೆ. ಮೈಲಿಗೆಯಾಗುವುದೆಂದು ಕೆಲವರು ಮೂಗು ಮುರಿದರು. ಜಾತಿ, ಜನನ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಪಂಚಸೂತಕಗಳನ್ನು ಅಲ್ಲಗಳೆದವರ ವಂಶದಲ್ಲಿ ಹುಟ್ಟಿ ಒಂದು ಗೋಡೆಯ ಆಚೆ ಈಚೆಗೆ ಹೆದರುವುದು ಸೋಜಿಗ. ಶುಚಿ ಬೇಕು, ನಿಜ. ನೀರು ಹರಿದುಹೋಗುವ ಇಳಿಜಾರು, ಗಾಳಿ ಬೆಳಕಿನ ಕಿಟಕಿ, ದಿನವೂ ತೊಳೆಯುವ ಕೈ, ಇವು ಶುಚಿ. ಶೌಚಪೀಠವನ್ನು ಗಾಲಿಕುರ್ಚಿಯ ಆಸನದ ಮಟ್ಟಕ್ಕೆ, ಸುಮಾರು 18 ಅಂಗುಲಕ್ಕೆ ಕೂರಿಸಿದರು.

ಈ ರೋಗದಲ್ಲಿ ಮನೆಯನ್ನು ಒಮ್ಮೆ ಸರಿಪಡಿಸಿ ಕೈತೊಳೆದುಕೊಳ್ಳುವಂತಿಲ್ಲ. ರೋಗ ಚಲಿಸುತ್ತಿರುತ್ತದೆ, ಮನೆ ಅದಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು. ಬಚ್ಚಲಿನ ಗೋಡೆಗೆ ಹಾಕಿದ ಉಕ್ಕಿನ ಕೈಹಿಡಿ ತೋಳುಗಳಲ್ಲಿ ಬಲವಿರುವವರೆಗೆ ಮಾತ್ರ ಉಪಕಾರಿ. ಮುಂದೆ ಹಿಡಿಯುವ ಕೈಗೇ ಶಕ್ತಿ ಸಾಲದಾಗ, ಸಹಾಯಕನೊಬ್ಬನು ಪಕ್ಕದಲ್ಲಿ ನಿಲ್ಲಲು ಜಾಗ ಬೇಕು, ಗಾಲಿಯುಳ್ಳ ಸ್ನಾನದ ಕುರ್ಚಿ ಒಳಗೆ ಬರಬೇಕು. ಆದುದರಿಂದ ಇಂದೇ ಪೀಠವನ್ನು ಮೂಲೆಗೆ ಒತ್ತಿ ಕೂರಿಸಬಾರದು. ಕೈಯಿಂದ ತಳ್ಳುವ ಕುರ್ಚಿಯ ಬದಲು ವಿದ್ಯುತ್ತಿನ ಕುರ್ಚಿ ಬಂದರೆ ಅದನ್ನು ಯಾರೂ ಎತ್ತಲಾರರು. ಹಾಗಾಗಿ ಒಂದೇ ಒಂದು ಮೆಟ್ಟಿಲು ಉಳಿದರೂ ದಾರಿ ಮುಚ್ಚಿದಂತೆಯೇ. ಹಾಸಿಗೆಯ ಬಳಿ ವಿದ್ಯುತ್ ತಂತಿ, ಕರೆಂಟು ಹೋದಾಗ ನಡೆಸುವ ಬ್ಯಾಟರಿ, ಬೆರಳಿಗೆ ನಿಲುಕುವ ಕರೆಗಂಟೆ ಇವು ಬೇಕು. ರಾತ್ರಿ ತಾನಾಗಿ ಮಗ್ಗುಲು ಬದಲಿಸಲಾರದವನು ಕತ್ತಲಲ್ಲಿ ಕೂಗಿ ಕೂಗಿ ದಣಿಯುವಂತಾಗಬಾರದು. ಮುಂದೊಂದು ದಿನ ರಾತ್ರಿಯ ಉಸಿರಾಟಕ್ಕೆ ಯಂತ್ರ ಬೇಕಾದೀತು. ಅದು ನಡೆಯುವುದೂ ವಿದ್ಯುತ್ತಿನಿಂದಲೇ.

ತಾಯಿಯ ಮಾತನ್ನು ಇಲ್ಲಿ ಬಿಡಲಾಗದು. ದಿನಕ್ಕೆ ಹತ್ತು ಸಲ ಮಗನನ್ನು ಎತ್ತಿಳಿಸಿ ಆಕೆಯ ಸೊಂಟ ಹಿಡಿದುಕೊಂಡಿದ್ದಿತು. ಎಷ್ಟೋ ದಿನ ಆಕೆಗೆ ಲಿಂಗಪೂಜೆಗೆ ಕೂಡ ಹೊತ್ತು ಸಿಗಲಿಲ್ಲ. ಅದಕ್ಕಾಗಿ ಆಕೆ ಒಳಗೊಳಗೇ ತನ್ನನ್ನು ಹಳಿದುಕೊಳ್ಳುತ್ತಿದ್ದಳು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗಕ್ಕಾಗಿ ನುಲಿಯ ಚಂದಯ್ಯನು ತನ್ನ ಕಾಯಕವನ್ನು ನಿಲ್ಲಿಸಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿ ಬಂದಿತೆಂಬ ಪ್ರಸಂಗವನ್ನು ಬಲ್ಲವರು ಆಕೆಗೆ ಹೇಳಬೇಕಾಗಿತ್ತು. ಹೇಳಿದವರಿಲ್ಲ. ಈ ಮಕ್ಕಳ ಭುಜದ ಸ್ನಾಯುಗಳೂ ಸಡಿಲವಾಗಿರುವುದರಿಂದ ಕಂಕುಳಲ್ಲಿ ಕೈಹಾಕಿ ಎತ್ತಿದರೆ ಮಗು ಜಾರಿಬೀಳುವ ಅಪಾಯವಿದೆಯೆಂಬುದನ್ನೂ ಅಂಗಮರ್ದನದ ಚಿಕಿತ್ಸಕರೊಬ್ಬರಿಂದ ಆಕೆ ತಡವಾಗಿ ತಿಳಿದಳು. ಬಟ್ಟೆಯ ಜೋಲಿಯಲ್ಲಿ ಕೂರಿಸಿ ಎತ್ತುವ ರಾಟೆಯಂಥ ಸಾಧನಗಳುಂಟು. ಹಳೆಯ ಮನೆಯ ತೊಲೆಗೆ ಅದನ್ನು ತೂಗಹಾಕುವ ಮುನ್ನ ತೊಲೆಗೆ ಗೆದ್ದಲು ಹಿಡಿದಿದೆಯೇ, ಅದು ಭಾರ ತಡೆಯುವುದೇ ಎಂದು ಬಲ್ಲವರಿಂದ ನೋಡಿಸಬೇಕು. ನೆಲದ ಮೇಲೆಯೇ ನಿಲ್ಲುವ ಗಾಲಿಯ ಎತ್ತುಗವೂ ದೊರೆಯುತ್ತದೆ.

ವೆಚ್ಚದ ಮಾತು. ಸ್ನಾಯುಕ್ಷಯವು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ಹೆಸರು ಹಿಡಿದು ಸೇರಿದೆ. ಪ್ರಮಾಣಪತ್ರ ಮಾಡಿಸಿಕೊಂಡವರಿಗೆ ಶಾಲೆಯಲ್ಲಿಯೂ ಸವಲತ್ತುಗಳಲ್ಲಿಯೂ ಕೇಳುವ ಹಕ್ಕುಂಟು. ಹಕ್ಕನ್ನು ಕೇಳುವುದನ್ನು ಭಿಕ್ಷೆಯೆಂದು ತಿಳಿದು ಸಂಕೋಚಪಡುವ ಮನೆತನಸ್ಥರು ಈ ವಿಷಯದಲ್ಲಿ ಹಟ ಹಿಡಿಯಬಾರದು. ಊರಿನ ಭಕ್ತರೂ ಜಾತ್ರೆಯ ಪಟ್ಟಿಗೆ ಕೊಡುವಂತೆ ಇಂಥ ಮನೆಯ ಇಳಿಜಾರಿಗೆ ಒಂದು ಗಾಡಿ ಮರಳು, ನಾಲ್ಕು ಚೀಲ ಸಿಮೆಂಟು ಕೊಡಬಹುದು. ಈ ಊರಿನಲ್ಲಿ ಕೊಟ್ಟರು. ಹಾಗೆ ಕೊಟ್ಟವರಲ್ಲಿ ಹೆಳವನ ವಚನ ಹೇಳಿಹೋದ ಆ ಬಂಧುವೂ ಒಬ್ಬನೆಂಬುದನ್ನು ಮರೆಯದೆ ಹೇಳಬೇಕು.

ಎಲ್ಲಿ ಮಲಗುತ್ತಿ ಎಂದು ಹುಡುಗನನ್ನು ಕೇಳಿದ್ದು ಮಾತ್ರ ಕೊನೆಗೆ. ಮೊದಲೇ ಕೇಳಬೇಕಾಗಿತ್ತು. ಹಿರಿಯರೆಲ್ಲ ಸದ್ದುಗದ್ದಲವಿಲ್ಲದ ಒಳಕೋಣೆಯನ್ನು ಆರಿಸಿದ್ದರು. ಅವನು ಬೀದಿಯ ಕಿಟಕಿಯ ಪಕ್ಕವನ್ನು ಕೇಳಿದನು. ಶಾಲೆ ಬಿಟ್ಟ ಹುಡುಗರು ಅಲ್ಲಿ ಹಾದುಹೋಗುತ್ತಾರೆ. ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೇ ಹಾಕಿದರು.

ಹೊಸ್ತಿಲು ಹೋದ ಮರುದಿನ ಹುಡುಗನು ತಾನೇ ಗಾಲಿ ಉರುಳಿಸಿಕೊಂಡು ನಡುಮನೆಗೆ ಬಂದನು. ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತುವಷ್ಟು ಬಲ ಅವನ ತೋಳಿಗೆ ಉಳಿದಿರಲಿಲ್ಲ. ಅಜ್ಜನು ಎದೆಯೆತ್ತರದ ಒಂದು ಚಿಕ್ಕ ಮಣೆಯನ್ನು ಕುರ್ಚಿಯ ಕೈಗಳ ಮೇಲೆ ಅಡ್ಡ ಇರಿಸಿದನು. ಮೊಣಕೈ ಅದರ ಮೇಲೆ ಊರಿತು, ಅಂಗೈ ತೆರೆಯಿತು, ಲಿಂಗವು ದೃಷ್ಟಿಯ ನೇರಕ್ಕೆ ಬಂದಿತು. ಗುಡಿಯ ಮೆಟ್ಟಿಲು ಹತ್ತಬೇಕಾಗಿಲ್ಲದ, ಗರ್ಭಗುಡಿಯ ಬಾಗಿಲು ಕಾಯಬೇಕಾಗಿಲ್ಲದ ಪೂಜೆಯನ್ನು ಶರಣರು ಕೊಟ್ಟಿರುವಾಗ, ಒಂದು ಮಣೆಯ ಕೊರತೆಯಿಂದ ಅವನಿಗೆ ಎರಡು ವರ್ಷ ತಪ್ಪಿದ್ದಿತು.

ಅಜ್ಜಿಗೆ ಅರಿಸಿನ ಕುಂಕುಮವಿಡಲು ಹೊಸ್ತಿಲಿಲ್ಲ. ಆಕೆ ಈಗ ಬಾಗಿಲ ಚೌಕಟ್ಟಿನ ಎರಡು ಬುಡಗಳಿಗೆ ಇಡುತ್ತಾಳೆ, ಇಳಿಜಾರಿನ ಮೇಲೆ ರಂಗೋಲಿ ಹಾಕುತ್ತಾಳೆ. ಹುಡುಗ ಶಾಲೆಗೆ ಹೊರಟಾಗ ಗಾಲಿಗಳು ಅದನ್ನು ಎರಡು ಗೆರೆಯಾಗಿ ಅಳಿಸಿಕೊಂಡು ಹೋಗುತ್ತವೆ. ಮೊದಲ ದಿನ ಹುಡುಗನು ಕುರ್ಚಿ ನಿಲ್ಲಿಸಿ ಹಿಂದೆ ನೋಡಿದನು. ‘ಹೋಗು ಹೋಗು, ನಾಳಿಗೆ ಮತ್ತ ಹಾಕ್ತೀನಿ’ ಎಂದಳು ಅಜ್ಜಿ. ಅಜ್ಜನು ಮೊನ್ನೆ ಬಡಿಗನನ್ನು ಇನ್ನೊಮ್ಮೆ ಕರೆಸಿದ್ದಾನೆ. ಕುರ್ಚಿಯ ಮೇಲಿನ ಮಣೆಯನ್ನು ಎರಡು ಅಂಗುಲ ಎತ್ತರಿಸಬೇಕಾಗಿದೆ.